ಬಾಣಂತಿಯ ಕೂಲಿ

ಬಾಣಂತನ ಅಂದರೆ ಬಿಸಿನೀರು, ಎಣ್ಣೆ, ಕೊಬ್ಬರಿ-ಬೆಲ್ಲ, ಮೂರು ತಿಂಗಳ ಬೆಚ್ಚನೆ ಕೋಣೆ ಅಂತಾರೆ. ಅದು ಹೊಲ ಇದ್ದವರ ಮನೆಯ ಬಾಣಂತನ. ನಮ್ಮ ಕೇರಿಯ ತಾಯಂದಿರು ನೋವು ಬರೋ ತನಕ ಕಳೆ ಕಿತ್ತರು. ಹೆತ್ತ ಕೆಲವೇ ದಿನಕ್ಕೆ ಬದುವಿನ ಮರಕ್ಕೆ ಜೋಳಿಗೆ ಕಟ್ಟಿ, ಕೂಸು ಮಲಗಿಸಿ, ಮತ್ತೆ ಸಾಲಿಗೆ ಬಗ್ಗಿದರು. ಕೂತರೆ ಕೂಲಿ ಇಲ್ಲ. ಕೂಲಿ ಇಲ್ಲದಿದ್ದರೆ ಗಂಜಿ ಇಲ್ಲ. ತಾಯಿಗೆ ಗಂಜಿ ಇಲ್ಲದಿದ್ದರೆ ಕೂಸಿಗೆ ಹಾಲಿಲ್ಲ. ಇದನ್ನು ಹಣೆಬರಹ ಅಂದರು. ನಾವು ಇತಿಹಾಸ ಅಂತೀವಿ. ಯಾಕಂದರೆ ಇದಕ್ಕೆ ಇಸವಿಗಳಿವೆ.

1928ರ ಜುಲೈ 28. ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಣ್ಣಾಳುಗಳಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆ ಚರ್ಚೆಗೆ ಬಂದಿತ್ತು. ಬಾಬಾಸಾಹೇಬ್ ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ. ಆ ಹೊರೆಯ ಬಹುಪಾಲು ಸರ್ಕಾರವೇ ಹೊರಬೇಕು. ಹೆಣ್ಣಿನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಪಾಲು ಕೊಡಬೇಕು. ಇದು ಅವರ ವಾದ. ಮರುವರ್ಷ, 1929ರಲ್ಲಿ, ಕಾಯ್ದೆ ಆಯಿತು. ಬೆಳಗಾವಿ, ಧಾರವಾಡ, ವಿಜಾಪುರ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆದರೆ ಕಾಯ್ದೆ ಕಾರ್ಖಾನೆ ಬಾಗಿಲಲ್ಲೇ ನಿಂತಿತು. ಜೋಳದ ಹೊಲಕ್ಕೆ ಇಳಿಯಲಿಲ್ಲ.

1961ರಲ್ಲಿ ಇಡೀ ದೇಶಕ್ಕೊಂದು ಹೆರಿಗೆ ಸೌಲಭ್ಯ ಕಾಯ್ದೆ ಬಂತು: ಕಾರ್ಖಾನೆ, ಗಣಿ, ತೋಟದವರಿಗೆ 12 ವಾರ ಸಂಬಳದ ರಜೆ. 2017ರಲ್ಲಿ ಅದು 26 ವಾರವಾಯಿತು. ಒಳ್ಳೆಯದೇ. ಹೋರಾಡಿ ಪಡೆದದ್ದು. ಆದರೆ ಇವತ್ತು ಈ ಗೌಡನ ಹೊಲ, ನಾಳೆ ಆ ಗೌಡನ ಹೊಲ ಅಂತ ತಿರುಗೋ ಹೆಣ್ಣಾಳಿಗೆ ಹಾಜರಿ ಪುಸ್ತಕ ಎಲ್ಲಿದೆ? ಯಾವ ಮಾಲೀಕನ್ನ ಕೇಳಬೇಕು?

ಅವಳ ಪಾಲಿಗೆ 2013ರ ಆಹಾರ ಭದ್ರತಾ ಕಾಯ್ದೆ 6000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ನೆರವು ಬರೆಯಿತು. 2017ರ ಮಾತೃವಂದನಾ ಯೋಜನೆ ಅದನ್ನು 5000ಕ್ಕೆ ಇಳಿಸಿತು, ಅದೂ ಮೊದಲ ಕೂಸಿಗೆ ಮಾತ್ರ. ಮಿಕ್ಕದ್ದು ಆಸ್ಪತ್ರೆ ಹೆರಿಗೆಯ ಇನ್ನೊಂದು ಯೋಜನೆಯಲ್ಲಿ ಸೇರುತ್ತದೆ ಅಂತ ಸಮಾಧಾನ ಹೇಳಿದರು. ಮೇಷ್ಟ್ರುಗಳೇ, ಈ ಲೆಕ್ಕ ಬೋರ್ಡಿನ ಮೇಲೆ ಬರೆಸಿ: 26 ವಾರ ಅಂದರೆ 182 ದಿನ. 5000ವನ್ನು 182ರಿಂದ ಭಾಗಿಸಿದರೆ ದಿನಕ್ಕೆ 28 ರೂಪಾಯಿಯೂ ಬರಲ್ಲ. ಅದೇ ವರ್ಷ, ಅದೇ ದೇಶ: ಒಬ್ಬ ತಾಯಿಗೆ ಪೂರ್ತಿ ಸಂಬಳ, ಇನ್ನೊಬ್ಬಳಿಗೆ ಇಷ್ಟು.

ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಊರನ್ನು ಹೆರಿಸಿದ್ದು ಸೂಲಗಿತ್ತಿಯರು. ಹೊಕ್ಕುಳಬಳ್ಳಿ ಕೊಯ್ದ ಕೈಗೆ ಮೊರದ ತುಂಬ ಕಾಳು, ಒಂದು ಹಳೇ ಸೀರೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಮಗೆ ಹೆಮ್ಮೆ. ಉಳಿದ ಸಾವಿರಾರು ಸೂಲಗಿತ್ತಿಯರ ಹೆಸರು ಯಾವ ದಫ್ತರದಲ್ಲೂ ಇಲ್ಲ.

2018-20ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸತ್ತ ತಾಯಂದಿರು ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ಆ 69ರಲ್ಲಿ ಹೊಲದಿಂದ ಎದ್ದು ಹೋದವರು ಎಷ್ಟು, ಕೇರಿಯವರು ಎಷ್ಟು ಅಂತ ಕೇಳಬೇಕಾದವರು ನಾವೇ. ಹಳ್ಳಿ ಹಳ್ಳಿಯಲ್ಲಿ ಕೂತು ಅಜ್ಜಿಯರನ್ನ ಕೇಳೋಣ: ಅವ್ವಾ, ಹೆತ್ತ ಎಷ್ಟನೇ ದಿನ ಕೂಲಿಗೆ ಹೋದೆ? ಅವರ ಉತ್ತರ ಬರೆದಿಡೋಣ. 1928ರಲ್ಲಿ ಕಾರ್ಖಾನೆಯವಳಿಗೆ ಕೇಳಿದ್ದನ್ನು ಹೊಲದವಳಿಗೂ ಕೇಳೋದು ಇನ್ನೂ ಬಾಕಿ ಇದೆ.