ಕೋಕೋ ವ್ಯಾಪಾರವೂ ಕೊಳ್ಳುವವನ ಹೊಣೆಯೂ

ಇಂಗ್ಲೆಂಡಿನ ಕ್ಯಾಡ್ಬರಿ ಮನೆತನದವರು ಕ್ವೇಕರ್ ಪಂಥೀಯರು, ಗುಲಾಮಗಿರಿಯ ವಿರೋಧಿಗಳು. ಆದರೆ ಅವರು ಕೊಳ್ಳುತ್ತಿದ್ದ ಕೋಕೋದ ದೊಡ್ಡ ಪಾಲು ಪೋರ್ಚುಗೀಸರ ವಸಾಹತಾಗಿದ್ದ ಸಾವೊ ಟೊಮೆ ದ್ವೀಪದಿಂದ ಬರುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಅಂಗೋಲಾದಿಂದ ತಂದವರು. ಕಾಗದದಲ್ಲಿ ಐದು ವರ್ಷಗಳ ಕರಾರು. ವಾಸ್ತವದಲ್ಲಿ ಊರಿಗೆ ಮರಳಿದವರು ವಿರಳ.

ಈ ಸುದ್ದಿ ವಿಲಿಯಂ ಕ್ಯಾಡ್ಬರಿಯವರಿಗೆ 1901ರಲ್ಲೇ ತಲುಪಿತ್ತು. 1905ರಲ್ಲಿ ಜೋಸೆಫ್ ಬರ್ಟ್ ತನಿಖೆಗೆ ತೆರಳಿದರು. ಖರೀದಿ ನಿಂತದ್ದು 1909ರಲ್ಲಿ. ಕೊಳ್ಳುತ್ತಿದ್ದರೆ ಮಾತ್ರ ಸುಧಾರಣೆಗೆ ಒತ್ತಾಯಿಸಬಹುದೆಂಬುದು ಸಂಸ್ಥೆಯ ಸಮರ್ಥನೆಯಾಗಿತ್ತು.

ಅದೇ ವರ್ಷ ‘ಸ್ಟ್ಯಾಂಡರ್ಡ್’ ಪತ್ರಿಕೆಯ ವಿರುದ್ಧ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ಸಂಸ್ಥೆಯೇ ಗೆದ್ದಿತು. ಆದರೆ ಪಂಚರು ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ. ಅನ್ಯರ ಕೈಯಿಂದ ನಡೆದ ಹಿಂಸೆಯನ್ನು ಅರಿತೂ ಅದರ ಫಲವನ್ನು ಕೊಳ್ಳುವವನು ನಿರ್ದೋಷಿಯೆನಿಸಲಾರ.