ಕತ್ತಿಗೆ ಬಗ್ಗದ ಕವಚ ಯಾರ ಮೈಮೇಲಿತ್ತು?

ಯುದ್ಧದ ಸಿನಿಮಾಗಳಲ್ಲಿ ಒಂದು ದೃಶ್ಯ ತಪ್ಪುವುದೇ ಇಲ್ಲ. ನಾಯಕ ಕತ್ತಿ ಬೀಸುತ್ತಾನೆ, ಮೈತುಂಬ ಕಬ್ಬಿಣ ತೊಟ್ಟ ಸೈನಿಕ ಬಾಳೆದಿಂಡಿನಂತೆ ತುಂಡಾಗಿ ಬೀಳುತ್ತಾನೆ. ನಾಯಕನ ತಲೆಗೆ ಮಾತ್ರ ಶಿರಸ್ತ್ರಾಣ ಇರುವುದಿಲ್ಲ. ಮುಖ ಕಾಣಬೇಕಲ್ಲ!

ನಮ್ಮ ಮಹಾಭಾರತದಲ್ಲಿ ಇದು ಉಲ್ಟಾ. ಕರ್ಣನ ಮೈಗೆ ಹುಟ್ಟಿನಿಂದಲೇ ಅಂಟಿದ್ದ ಕವಚವನ್ನು ಯಾವ ಬಾಣವೂ ಸೀಳದು. ಅದಕ್ಕೇ ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಅದನ್ನು ದಾನ ಕೇಳಿ ಪಡೆಯಬೇಕಾಯಿತು.

ಚರಿತ್ರೆಯ ಕವಚ ಇವೆರಡರ ನಡುವೆ ನಿಲ್ಲುತ್ತದೆ. ಆದರೆ ಸಿನಿಮಾಗಿಂತ ಕರ್ಣನಿಗೇ ಹತ್ತಿರ.

ಸಾವಿರಾರು ಸಣ್ಣ ಕಬ್ಬಿಣದ ಉಂಗುರ ಪೋಣಿಸಿ ಮಾಡಿದ ಅಂಗಿಯನ್ನೇ ನೋಡಿ. ಒಂದೊಂದು ಉಂಗುರಕ್ಕೂ ಸುತ್ತಲಿನ ನಾಲ್ಕು ಉಂಗುರಗಳ ಕೊಂಡಿ. ಬೀಸಿ ಹೊಡೆದ ಕತ್ತಿ ಇದನ್ನು ಸಾಮಾನ್ಯವಾಗಿ ಕತ್ತರಿಸುತ್ತಿರಲಿಲ್ಲ. ಪೆಟ್ಟಿನ ರಭಸ ಮೂಳೆಗೆ ತಾಗದಂತೆ ಒಳಗೆ ದಪ್ಪನೆಯ ಅಂಗಿ ಇರುತ್ತಿತ್ತು. 15ನೇ ಶತಮಾನದ ಯುರೋಪಿನಲ್ಲಿ ತಲೆಯಿಂದ ಪಾದದವರೆಗೆ ಉಕ್ಕಿನ ತಗಡಿನ ಕವಚ ಬಂತು. ತೂಕ ಸುಮಾರು 20ರಿಂದ 25 ಕೆಜಿ, ಅಂದರೆ ಅರ್ಧ ಮೂಟೆ ಸಿಮೆಂಟಿನಷ್ಟು. ಆ ಭಾರ ಇಡೀ ಮೈಗೆ ಹಂಚಿಹೋಗುತ್ತಿದ್ದರಿಂದ ತೊಟ್ಟವನು ಓಡಬಲ್ಲ, ಕುದುರೆಯನ್ನೂ ಹತ್ತಬಲ್ಲ.

ಹಾಗಾದರೆ ಅವರು ಸತ್ತದ್ದು ಹೇಗೆ? 1415ರಲ್ಲಿ ಫ್ರಾನ್ಸಿನ ಅಜಿನ್‌ಕೋರ್ಟ್‌ನಲ್ಲಿ ಯುದ್ಧ ನಡೆದದ್ದು ಆಗತಾನೇ ಉತ್ತು, ಮಳೆಗೆ ನೆನೆದಿದ್ದ ಹೊಲದಲ್ಲಿ. ಕವಚ ತೊಟ್ಟ ಫ್ರೆಂಚ್ ಸರದಾರರು ಬಾಣಗಳ ಮಳೆಯಲ್ಲಿ, ಕೆಸರು ತುಳಿಯುತ್ತ ನಡೆದು ಸುಸ್ತಾದರು. ನೂಕುನುಗ್ಗಲಿನಲ್ಲಿ ಬಿದ್ದವರಿಗೆ ಏಳಲಾಗಲಿಲ್ಲ. ಹಗುರ ಬಟ್ಟೆಯ ಇಂಗ್ಲಿಷ್ ಬಿಲ್ಲುಗಾರರು ಸುತ್ತಿಗೆ, ಕೊಡಲಿ, ಚೂರಿ ಹಿಡಿದು ಅವರ ಮೇಲೆ ಬಿದ್ದರು. ಚೂರಿ ನುಗ್ಗುತ್ತಿದ್ದದ್ದು ಕಣ್ಣಿನ ಸಂದಿ, ಕಂಕುಳಿನಂಥ ಸಂದುಗಳಲ್ಲಿ. ಮುಂದೆ ಬಂದೂಕು ಬಲವಾದಂತೆ ಕವಚದ ತಗಡೂ ದಪ್ಪವಾಯಿತು. ಹೊರಲಾರದೆ ಕೈಕಾಲಿನ ತಗಡು ಬಿಟ್ಟರು. ಕೊನೆಗೆ ಉಳಿದದ್ದು ಎದೆ ಮತ್ತು ತಲೆಯದಷ್ಟೇ.

ಇನ್ನು ನಮ್ಮ ನೆಲಕ್ಕೆ ಬನ್ನಿ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಕುದುರೆ ಸವಾರರ ಅಂಗಿಗಳನ್ನು ವರ್ಣಿಸಿದ್ದಾನೆ. ಗಟ್ಟಿ ತೊಗಲನ್ನು ಪದರಪದರವಾಗಿ ಹೊಲಿದು, ಕಬ್ಬಿಣದ ತಗಡು ಕೂಡಿಸಿ, ಮೇಲೆ ರೇಷ್ಮೆ, ಮಖಮಲ್ಲು ಹೊದಿಸಿದ ಅಂಗಿಗಳು. ಕೆಲವರ ತಗಡಿಗೆ ಚಿನ್ನದ ಲೇಪ ಬೇರೆ.

ಈಗ ಹಳ್ಳಿಗಳಲ್ಲಿರುವ ವೀರಗಲ್ಲು ನೋಡಿ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವರ ಕಲ್ಲುಗಳು ಅವುಗಳಲ್ಲಿ ಎಷ್ಟೋ ಇವೆ. ಬಹಳಷ್ಟು ಕಲ್ಲುಗಳಲ್ಲಿ ವೀರ ಸೊಂಟಕ್ಕೆ ಬಟ್ಟೆ ಕಟ್ಟಿ, ಕತ್ತಿ ಗುರಾಣಿಯನ್ನೋ ಬಿಲ್ಲನ್ನೋ ಹಿಡಿದು ನಿಂತಿರುತ್ತಾನೆ. ಎದೆಗೆ ಏನೂ ಇಲ್ಲ.

ಸಿನಿಮಾ ಎಲ್ಲ ಸೈನಿಕರಿಗೂ ಕವಚ ಹಂಚಿ, ಅದು ಕೆಲಸಕ್ಕೆ ಬಾರದ್ದು ಎಂದು ತೋರಿಸುತ್ತದೆ. ನಿಜದಲ್ಲಿ ಕವಚ ಜೀವ ಉಳಿಸುತ್ತಿತ್ತು, ಆದರೆ ಅದಕ್ಕೆ ದುಡ್ಡು ಬೇಕಿತ್ತು. ಯುದ್ಧದಿಂದ ಯಾರು ಮನೆಗೆ ಮರಳಿದರು ಎಂಬುದನ್ನು ಶೌರ್ಯವೊಂದೇ ತೀರ್ಮಾನಿಸಲಿಲ್ಲ. ನಿಮ್ಮೂರಿನ ವೀರಗಲ್ಲಿಗೆ ಕುಂಕುಮ ಹಚ್ಚುವಾಗ ಆ ಬರಿ ಎದೆಯನ್ನು ಒಮ್ಮೆ ಗಮನಿಸಿ.