ವೈದ್ಯಪತ್ರಿಕೆಯೂ ಆಯುಧ ಸಂತೆಯೂ

ವ್ಯಾಪಾರಿಯ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ಬಹು ಹಳೆಯದು. ಅಂಗಡಿಯಲ್ಲಿ ತೂಕ ಸರಿಯಾಗಿದ್ದು, ಸರಕು ಶುದ್ಧವಾಗಿದ್ದು, ಲೆಕ್ಕ ಚೊಕ್ಕಟವಾಗಿದ್ದರೆ ಸಾಕೇ? ಅಥವಾ ಅದೇ ಅಂಗಡಿಯ ಹಿಂಬದಿಯ ಮಳಿಗೆಯನ್ನು ಬಾಡಿಗೆಗೆ ಕೊಟ್ಟಾಗ ಅಲ್ಲಿ ನಡೆಯುವ ವ್ಯವಹಾರಕ್ಕೂ ಮಾಲೀಕನು ಹೊಣೆಗಾರನೇ? ಇಂದು ಈ ಪ್ರಶ್ನೆಗೆ ‘ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆ’ ಎಂಬ ಹೊಸ ಹೆಸರು ಬಂದಿದೆ. ನಮ್ಮ ದೇಶದಲ್ಲಿ 2013ರ ಕಂಪೆನಿಗಳ ಕಾಯಿದೆಯು ನಿರ್ದಿಷ್ಟ ಮಿತಿಯನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜಹಿತಕ್ಕೆ ವಿನಿಯೋಗಿಸಬೇಕೆಂದು ವಿಧಿಸಿದೆ. ಸ್ವಾಗತಾರ್ಹವಾದ ವಿಧಿಯೇ ಸರಿ. ಆದರೆ ಆ ವಿಧಿಯು ಲಾಭವನ್ನು ಹೇಗೆ ವೆಚ್ಚಮಾಡಬೇಕೆಂದು ಹೇಳುತ್ತದೆಯೇ ಹೊರತು ಲಾಭ ಹೇಗೆ ಬಂತೆಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಜಗತ್ತಿನ ಒಂದು ಪ್ರಸಿದ್ಧ ಮಾಹಿತಿ ಸಂಸ್ಥೆಯು ತನ್ನದೇ ಓದುಗರಿಂದ ಎದುರಿಸಬೇಕಾಗಿ ಬಂದ ಇತಿಹಾಸವನ್ನು ಇಲ್ಲಿ ನಿರೂಪಿಸಲಾಗಿದೆ.

ಆ ಸಂಸ್ಥೆಯ ಇಂದಿನ ಹೆಸರು ರೆಲ್ಕ್ಸ್. 2015ರವರೆಗೆ ಅದು ರೀಡ್ ಎಲ್ಸೆವಿಯರ್ ಎಂಬ ಹೆಸರಿನಿಂದ ಪರಿಚಿತವಾಗಿತ್ತು. ಅದರ ಮೂಲದಲ್ಲಿ ಎರಡು ಮನೆತನಗಳಿವೆ. ಒಂದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಆಲ್ಬರ್ಟ್ ರೀಡ್ ಎಂಬವರು ಆರಂಭಿಸಿದ ಕಾಗದದ ಕಾರ್ಖಾನೆ. ಇನ್ನೊಂದು, 1880ರಲ್ಲಿ ಹಾಲೆಂಡಿನ ರಾಟರ್‌ಡಾಮ್ ನಗರದಲ್ಲಿ ಸ್ಥಾಪನೆಯಾದ ಎಲ್ಸೆವಿಯರ್ ಪ್ರಕಾಶನ. ಲೈಡನ್ನಿನಲ್ಲಿ ಗೆಲಿಲಿಯೋನ ಕೃತಿಯನ್ನು 1638ರಲ್ಲಿ ಅಚ್ಚುಹಾಕಿದ ಪ್ರಾಚೀನ ಮುದ್ರಕ ಮನೆತನದ ಹೆಸರನ್ನು ಈ ಪ್ರಕಾಶನವು ಗೌರವಾರ್ಥವಾಗಿ ತಳೆದಿತ್ತು. 1993ರಲ್ಲಿ ಈ ಎರಡೂ ಒಂದಾದವು. ಮರುವರ್ಷವೇ ಅಮೆರಿಕದ ನ್ಯಾಯತೀರ್ಪುಗಳ ಬೃಹತ್ ಮಾಹಿತಿ ಭಂಡಾರವಾದ ಲೆಕ್ಸಿಸ್ ನೆಕ್ಸಿಸ್ ಅನ್ನು 150 ಕೋಟಿ ಡಾಲರುಗಳಿಗೆ ಕೊಂಡುಕೊಂಡವು. ಹೀಗೆ ಕಾಗದ ತಯಾರಿಸುತ್ತಿದ್ದ ಮನೆಯು ಕ್ರಮೇಣ ಕಾಗದವಿಲ್ಲದೆಯೇ ಜ್ಞಾನವನ್ನು ಮಾರುವ ಮನೆಯಾಯಿತು.

ಈ ಸಂಸ್ಥೆಯ ಒಡೆತನದಲ್ಲಿರುವ ಪತ್ರಿಕೆಗಳಲ್ಲಿ ‘ಲ್ಯಾನ್ಸೆಟ್’ ಅತ್ಯಂತ ಗೌರವಾನ್ವಿತವಾದುದು. ಶಸ್ತ್ರವೈದ್ಯ ಥಾಮಸ್ ವೇಕ್ಲಿಯವರು 1823ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಈ ವೈದ್ಯಪತ್ರಿಕೆಯು ತನ್ನ ಕಾಲದ ಆಸ್ಪತ್ರೆಗಳ ದುರಾಡಳಿತವನ್ನು ನಿರ್ಭಯವಾಗಿ ಬಯಲಿಗೆಳೆದು ಹೆಸರಾಯಿತು. 1991ರಲ್ಲಿ ಅದು ಎಲ್ಸೆವಿಯರ್ ವಶಕ್ಕೆ ಬಂತು. 2004ರಲ್ಲಿ ಇದೇ ಪತ್ರಿಕೆಯು ಇರಾಕ್ ಯುದ್ಧದ ಫಲವಾಗಿ ಸುಮಾರು 1,00,000 ಹೆಚ್ಚುವರಿ ಸಾವುಗಳು ಸಂಭವಿಸಿರಬಹುದೆಂಬ ಅಧ್ಯಯನವನ್ನು ಪ್ರಕಟಿಸಿತು. ಆ ಅಂದಾಜಿನ ಬಗ್ಗೆ ಬಹಳ ವಾದವಿವಾದಗಳು ನಡೆದವು. ಆದರೂ ಯುದ್ಧದಲ್ಲಿ ಮಡಿದ ಸಾಮಾನ್ಯ ಜನರನ್ನು ಲೆಕ್ಕವಿಡುವುದು ವೈದ್ಯನ ಕರ್ತವ್ಯವೆಂಬ ನಿಲುವನ್ನು ಪತ್ರಿಕೆಯು ಬಿಡಲಿಲ್ಲ.

ಇನ್ನು ಅದೇ ಸಂಸ್ಥೆಯ ಮತ್ತೊಂದು ಶಾಖೆಯನ್ನು ನೋಡೋಣ. ಪುಸ್ತಕ, ಪತ್ರಿಕೆಗಳಲ್ಲದೆ ವ್ಯಾಪಾರ ಪ್ರದರ್ಶನಗಳನ್ನು ಏರ್ಪಡಿಸುವುದೂ ರೀಡ್ ಎಲ್ಸೆವಿಯರಿನ ದೊಡ್ಡ ವ್ಯವಹಾರವಾಗಿತ್ತು. ಪ್ರಸಿದ್ಧವಾದ ಲಂಡನ್ ಪುಸ್ತಕ ಮೇಳವೂ ಅದರದೇ. ಈ ವಿಭಾಗಕ್ಕೆ ಸೇರಿದ ಸ್ಪಿಯರ್‌ಹೆಡ್ ಎಂಬ ಅಂಗಸಂಸ್ಥೆಯು ಲಂಡನ್ನಿನ ಹಳೆಯ ಬಂದರು ಪ್ರದೇಶದ ಪ್ರದರ್ಶನ ಸಂಕೀರ್ಣದಲ್ಲಿ ಎರಡು ವರ್ಷಕ್ಕೊಮ್ಮೆ ‘ಡಿಎಸ್‌ಇಐ’ ಎಂಬ ಯುದ್ಧಸಾಮಗ್ರಿಗಳ ಪ್ರದರ್ಶನವನ್ನು ನಡೆಸುತ್ತಿತ್ತು. ಆ ಹೆಸರಿನಲ್ಲಿ ಅದು ಮೊದಲು ನಡೆದದ್ದು 1999ರಲ್ಲಿ. ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿಲ್ಲ. ಕೊಳ್ಳುವವರು ಸರಕಾರಗಳು ಮತ್ತು ಸೇನೆಗಳು, ಮಾರುವವರು ಆಯುಧ ತಯಾರಕರು. ಟ್ಯಾಂಕು, ಕ್ಷಿಪಣಿ, ಬಂದೂಕು, ಯುದ್ಧನೌಕೆಗಳವರೆಗೆ ಎಲ್ಲವನ್ನೂ ಅಲ್ಲಿ ನೋಡಿ, ಬೆಲೆ ವಿಚಾರಿಸಬಹುದು. ಹೀಗೆ ಒಂದೇ ಮಾಲೀಕತ್ವದ ಒಂದು ಕೋಣೆಯಲ್ಲಿ ಗಾಯಗಳ ಚಿಕಿತ್ಸೆಯ ಶಾಸ್ತ್ರ ಅಚ್ಚಾಗುತ್ತಿದ್ದರೆ, ಮತ್ತೊಂದು ಕೋಣೆಯಲ್ಲಿ ಗಾಯಮಾಡುವ ಸಾಧನಗಳ ಸಂತೆ ನೆರೆಯುತ್ತಿತ್ತು.

2005ರ ಸೆಪ್ಟೆಂಬರಿನಲ್ಲಿ ಈ ಸಂಗತಿ ಲ್ಯಾನ್ಸೆಟ್ ಪತ್ರಿಕೆಯ ಪುಟಗಳಲ್ಲಿಯೇ ಪ್ರಕಟವಾಯಿತು. ವೈದ್ಯರ ಪ್ರತಿಭಟನೆಯ ಪತ್ರವನ್ನು ಅಚ್ಚುಹಾಕಿದ ಸಂಪಾದಕರು ತಮ್ಮ ಸಂಪಾದಕೀಯದಲ್ಲಿ, ಮಾಲೀಕ ಸಂಸ್ಥೆಯು ಆಯುಧ ಪ್ರದರ್ಶನಗಳಿಂದ ದೂರ ಸರಿಯಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಯಜಮಾನನ ಅನ್ನವನ್ನುಂಡು ಯಜಮಾನನ ತಪ್ಪನ್ನು ಅವನದೇ ಮನೆಯ ಜಗುಲಿಯ ಮೇಲೆ ನಿಂತು ಹೇಳುವುದು ಸುಲಭವಲ್ಲ. ಇಲ್ಲಿ ಸಂಪಾದಕರ ಧೈರ್ಯದಷ್ಟೇ ಮತ್ತೊಂದು ಅಂಶವನ್ನೂ ವಾಚಕರು ಗಮನಿಸಬೇಕು: ಆ ಲೇಖನವನ್ನು ಸಂಸ್ಥೆಯು ತಡೆಯಲಿಲ್ಲ, ಸಂಪಾದಕರನ್ನು ತೆಗೆದುಹಾಕಲಿಲ್ಲ. ತನ್ನನ್ನು ಖಂಡಿಸುವ ಮಾತನ್ನು ತನ್ನ ಪತ್ರಿಕೆಯಲ್ಲಿಯೇ ಅಚ್ಚಾಗಲು ಬಿಟ್ಟದ್ದು ಆ ಸಂಸ್ಥೆಯ ಪುಣ್ಯದ ಪುಟಕ್ಕೆ ಬರೆಯಬೇಕಾದ ಸಂಗತಿ.

ಆದರೆ ಸಂಸ್ಥೆಯು ತತ್‌ಕ್ಷಣ ಮಣಿಯಲಿಲ್ಲ. ಅದರ ಸಮರ್ಥನೆಯು ಎರಡು ಮಾತುಗಳ ಮೇಲೆ ನಿಂತಿತ್ತು. ದೇಶಗಳ ರಕ್ಷಣೆಗೆ ರಕ್ಷಣಾ ಉದ್ಯಮವು ಅವಶ್ಯಕ ಎಂಬುದು ಮೊದಲನೆಯದು. ಪ್ರದರ್ಶನವು ಕಾನೂನಿನ ಚೌಕಟ್ಟಿನೊಳಗೆ, ಸರಕಾರದ ಸಮ್ಮತಿಯೊಂದಿಗೆ ನಡೆಯುತ್ತದೆ ಎಂಬುದು ಎರಡನೆಯದು. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೈನ್ಯವಿಲ್ಲದ ದೇಶಗಳು ವಿರಳ; ನಮ್ಮ ನಾಡಿನ ಇತಿಹಾಸದಲ್ಲಿಯೂ ಖಡ್ಗ ಹಿಡಿದ ಜೈನ ದಂಡನಾಯಕರಿದ್ದಾರೆ. ಚಾವುಂಡರಾಯನನ್ನು ಮರೆತು ಗೊಮ್ಮಟನನ್ನು ನೆನೆಯಲಾಗದು. ಆದರೆ ತನ್ನ ನಾಡನ್ನು ಕಾಯುವುದು ಬೇರೆ, ಕೊಳ್ಳುವವನು ಯಾರೆಂದು ಎಣಿಸದೆ ಆಯುಧಗಳಿಗೆ ಮಾರುಕಟ್ಟೆ ಕಟ್ಟಿಕೊಟ್ಟು ಬಾಡಿಗೆ ಎಣಿಸುವುದು ಬೇರೆ. ಆ ಪ್ರದರ್ಶನದಲ್ಲಿ ಗೊಂಚಲು ಬಾಂಬುಗಳ ವ್ಯಾಪಾರವೂ ನಡೆಯುತ್ತಿತ್ತೆಂಬ ವರದಿಗಳು ವೈದ್ಯರನ್ನು ವಿಶೇಷವಾಗಿ ಕಲಕಿದ್ದವು. ಸಿಡಿಯದೆ ನೆಲದಲ್ಲಿ ಉಳಿದು, ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೆ ಹೊಲ ಉಳುವ ರೈತನನ್ನೂ ಆಡುವ ಮಗುವನ್ನೂ ಕೊಲ್ಲುವ ಆಯುಧವದು. 2008ರ ಡಿಸೆಂಬರಿನಲ್ಲಿ ಅನೇಕ ರಾಷ್ಟ್ರಗಳು ಓಸ್ಲೋ ನಗರದಲ್ಲಿ ಸಹಿ ಹಾಕಿದ ಒಪ್ಪಂದವು ಅದನ್ನು ನಿಷೇಧಿಸಿತು; 2010ರ ಆಗಸ್ಟ್ 1ರಂದು ಜಾರಿಗೂ ಬಂತು. ಅಂದು ಕಾನೂನುಸಮ್ಮತವಾಗಿದ್ದುದು ಐದೇ ವರ್ಷಗಳಲ್ಲಿ ಕಾನೂನುಬಾಹಿರವಾಯಿತು. ಧರ್ಮಾಧರ್ಮ ವಿವೇಚನೆಗೆ ಕಾನೂನೊಂದೇ ಅಳತೆಗೋಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಪ್ರತಿಭಟನೆ ನಿಲ್ಲಲಿಲ್ಲ. 2006ರಲ್ಲಿ ಜೆ. ಎಂ. ಕುಟ್ಸೀ, ಇಯಾನ್ ಮೆಕ್‌ಇವನ್ ಮೊದಲಾದ ಹೆಸರಾಂತ ಲೇಖಕರು, ಪುಸ್ತಕ ಮೇಳ ನಡೆಸುವ ಸಂಸ್ಥೆಯು ಆಯುಧ ಮೇಳ ನಡೆಸಬಾರದೆಂದು ಬಹಿರಂಗ ಪತ್ರ ಬರೆದರು. ವಿಶ್ವವಿದ್ಯಾಲಯದ ಅಧ್ಯಾಪಕರು ಸಹಿ ಸಂಗ್ರಹಿಸಿದರು. 2007ರ ಫೆಬ್ರವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯ ಮಾಜಿ ಸಂಪಾದಕ ರಿಚರ್ಡ್ ಸ್ಮಿತ್ ಅವರು ವೈದ್ಯಪ್ರಕಾಶನ ಮತ್ತು ಆಯುಧ ವ್ಯಾಪಾರಗಳು ಒಂದೇ ಸೂರಿನಡಿ ಇರುವುದು ಹಿತಾಸಕ್ತಿಗಳ ಘರ್ಷಣೆಯೆಂದು ವಾದಿಸಿದರು.

ಅದೇ ತಿಂಗಳು ನಡೆದ ಇನ್ನೊಂದು ಘಟನೆಯು ಧರ್ಮದತ್ತಿಗಳನ್ನು ನಡೆಸುವ ನಮ್ಮ ವಾಚಕರಿಗೆ ಹೆಚ್ಚು ಹತ್ತಿರವಾದುದು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕೋಕೋ ಮತ್ತು ಚಾಕೊಲೇಟ್ ತಯಾರಿಸಿ ಶ್ರೀಮಂತರಾದ ಜೋಸೆಫ್ ರೌಂಟ್ರಿ ಎಂಬ ವರ್ತಕರಿದ್ದರು. ಅವರು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ಯಾವ ಕಾರಣಕ್ಕೂ ಯುದ್ಧದಲ್ಲಿ ಪಾಲ್ಗೊಳ್ಳುವುದಿಲ್ಲವೆಂದು 1660ರಷ್ಟು ಹಿಂದೆಯೇ ಇಂಗ್ಲೆಂಡಿನ ದೊರೆಗೆ ತಿಳಿಸಿದ್ದ ಪಂಥವದು. ರೌಂಟ್ರಿಯವರು 1904ರಲ್ಲಿ ತಮ್ಮ ಸಂಪತ್ತಿನ ಬಹುಭಾಗವನ್ನು ಮೂರು ದತ್ತಿಸಂಸ್ಥೆಗಳಿಗೆ ಬರೆದುಕೊಟ್ಟರು. ಸಮಾಜದ ರೋಗದ ಮೇಲಣ ಲಕ್ಷಣಗಳಿಗೆ ಲೇಪ ಹಚ್ಚುವುದರ ಬದಲು ಬೇರನ್ನು ಹುಡುಕಿರಿ ಎಂಬುದು ಧರ್ಮದರ್ಶಿಗಳಿಗೆ ಅವರು ಬಿಟ್ಟುಹೋದ ಆಶಯ. ಆ ಮೂರರಲ್ಲಿ ಒಂದಾದ ದತ್ತಿಯು ಶಾಂತಿಸ್ಥಾಪನೆಯ ಕಾರ್ಯಗಳಿಗೆ ಹಣ ಕೊಡುತ್ತಿತ್ತು. ಅದೇ ದತ್ತಿಯ ಮೂಲಧನದಲ್ಲಿ ರೀಡ್ ಎಲ್ಸೆವಿಯರಿನ ಷೇರುಗಳೂ ಇದ್ದವು. ಬಲಗೈ ಶಾಂತಿಗಾಗಿ ಕೊಡುತ್ತಿದ್ದ ಹಣದ ಒಂದಂಶವನ್ನು ಎಡಗೈ ಆಯುಧ ಸಂತೆಯಿಂದ ತರುತ್ತಿತ್ತು. ಇದನ್ನು ಮನಗಂಡ ಧರ್ಮದರ್ಶಿಗಳು ಸುಮಾರು 20 ಲಕ್ಷ ಪೌಂಡು ಮೌಲ್ಯದ ಆ ಷೇರುಗಳನ್ನು 2007ರ ಫೆಬ್ರವರಿಯಲ್ಲಿ ಮಾರಿಬಿಟ್ಟರು. ಅಂತಹ ಬೃಹತ್ ಸಂಸ್ಥೆಗೆ ಅದು ದೊಡ್ಡ ಮೊತ್ತವೇನಲ್ಲ. ಆದರೆ ಸಜ್ಜನರು ಎದ್ದುಹೋದ ಪಂಕ್ತಿಯು ಎಲ್ಲರ ಕಣ್ಣಿಗೂ ಬೀಳುತ್ತದೆ.

2007ರ ಜೂನ್ ತಿಂಗಳಲ್ಲಿ ಸಂಸ್ಥೆಯು ಆಯುಧ ಪ್ರದರ್ಶನಗಳ ವ್ಯವಹಾರದಿಂದ ಹೊರಬರುವುದಾಗಿ ಘೋಷಿಸಿತು. ತನ್ನ ಗ್ರಾಹಕರು ಮತ್ತು ಲೇಖಕರಲ್ಲಿ ಹೆಚ್ಚುಹೆಚ್ಚು ಮಂದಿಗೆ ಈ ವಿಷಯದಲ್ಲಿ ನಿಜವಾದ ಕಳವಳವಿದೆಯೆಂದು ಅದರ ಮುಖ್ಯಾಧಿಕಾರಿ ಸರ್ ಕ್ರಿಸ್ಪಿನ್ ಡೇವಿಸ್ ಒಪ್ಪಿಕೊಂಡರು. ಆ ಪ್ರದರ್ಶನಗಳಿಂದ ಸಂಸ್ಥೆಗೆ ಬರುತ್ತಿದ್ದ ವಹಿವಾಟು ಒಟ್ಟು ವಹಿವಾಟಿನ ಶೇಕಡಾ ಅರ್ಧದಷ್ಟು ಮಾತ್ರ! ಇಷ್ಟು ಅಲ್ಪ ಭಾಗವನ್ನು ಬಿಡಲು ಎರಡು ವರ್ಷಗಳ ಒತ್ತಾಯ ಬೇಕಾಯಿತು. ಲೋಭವು ಮೊತ್ತವನ್ನು ನೋಡಿ ಹಿಡಿಯುವುದಿಲ್ಲ. ಹಿಡಿದುದನ್ನು ಬಿಡದಿರುವುದೇ ಅದರ ಸ್ವಭಾವ.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಹೇಳಿದರೆ ಸತ್ಯಕ್ಕೆ ಲೋಪವಾದೀತು. 2008ರಲ್ಲಿ ಲಂಡನ್ನಿನ ಆ ಪ್ರದರ್ಶನವನ್ನು ಕ್ಲಾರಿಯನ್ ಎಂಬ ಬೇರೊಂದು ಸಂಸ್ಥೆ ಕೊಂಡಿತು. ಸಂತೆ ನಿಲ್ಲಲಿಲ್ಲ, ಅದೇ ಸ್ಥಳದಲ್ಲಿ 2025ರಲ್ಲಿಯೂ ನೆರೆಯಿತು. ಹಾಗಾದರೆ ವೈದ್ಯರ ಶ್ರಮದಿಂದ ಆದದ್ದೇನು ಎಂದು ಕೇಳಬಹುದು. ಪ್ರಪಂಚದ ಹಿಂಸೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಕ್ಕಿಲ್ಲ. ಆದರೆ ತನ್ನಿಂದಾಗುವ ಹಿಂಸೆಯನ್ನು ಬಿಡುವುದು ಒಂದು ಕರ್ತವ್ಯ, ಲೋಕದ ಹಿಂಸೆಯನ್ನು ನಿಲ್ಲಿಸುವುದು ಇನ್ನೊಂದು ಕರ್ತವ್ಯ. ಎರಡನೆಯದು ಸಾಧ್ಯವಾಗಲಿಲ್ಲವೆಂಬ ಕಾರಣದಿಂದ ಮೊದಲನೆಯದರಿಂದ ಬಿಡುಗಡೆಯಿಲ್ಲ. ‘ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ’ ಎಂಬ ಮಾತು ಲೋಕದಲ್ಲಿ ಎಲ್ಲ ದುಷ್ಕೃತ್ಯಗಳಿಗೂ ನೆಪವಾಗಬಲ್ಲುದು.

ನ್ಯಾಯವಾಗಿ ನೋಡಿದರೆ ಆ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಜಮೆಯೂ ಇದೆ, ಖರ್ಚೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಆರಂಭಿಸಿದ ‘ಹಿನಾರಿ’ ಯೋಜನೆಯಲ್ಲಿ ಎಲ್ಸೆವಿಯರ್ ಸೇರಿದಂತೆ ಆರು ಪ್ರಕಾಶಕರು ಕೈಜೋಡಿಸಿ, ಅತಿ ಬಡ ದೇಶಗಳ ವೈದ್ಯರಿಗೆ ದುಬಾರಿ ವೈದ್ಯಪತ್ರಿಕೆಗಳನ್ನು ಉಚಿತವಾಗಿ ದೊರಕಿಸಿದರು. ಜ್ಞಾನದಾನದ ಮಹತ್ಕಾರ್ಯವದು. ಆದರೆ ಹೆಚ್ಚು ಕಡಿಮೆ ಅದೇ ಕಾಲದಲ್ಲಿ, 2000ರಿಂದ 2005ರವರೆಗೆ, ಎಲ್ಸೆವಿಯರಿನ ಆಸ್ಟ್ರೇಲಿಯಾ ಶಾಖೆಯು ಔಷಧ ಕಂಪೆನಿಗಳ ಹಣದಿಂದ ಆರು ಪ್ರಕಟಣೆಗಳನ್ನು ಹೊರಡಿಸಿತ್ತು. ನೋಡುವವರಿಗೆ ಅವು ವೈದ್ಯಪತ್ರಿಕೆಗಳು. ಹಣ ಯಾರದೆಂಬುದನ್ನು ಅವುಗಳಲ್ಲಿ ತಿಳಿಸಿರಲಿಲ್ಲ. 2009ರಲ್ಲಿ ಇದು ಬೆಳಕಿಗೆ ಬಂದಾಗ ಸಂಸ್ಥೆಯು ತಪ್ಪನ್ನು ಒಪ್ಪಿಕೊಂಡಿತು. ಮಾಹಿತಿಯನ್ನು ಮಾರುವವನಿಗೆ ಸತ್ಯವೇ ಸರಕು. ಅದರಲ್ಲಿ ಬೆರಕೆಯಾದರೆ ಉಳಿದ ದಾನಗಳೆಲ್ಲ ಮಂಕಾಗುತ್ತವೆ. ಇಂದು ರೆಲ್ಕ್ಸ್ ಪ್ರತಿವರ್ಷ ತನ್ನ ಹೊಣೆಗಾರಿಕೆಯ ವರದಿಯನ್ನು ಪ್ರಕಟಿಸುತ್ತದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಕುರಿತ ಸಾಹಿತ್ಯವನ್ನು 2017ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಇವೆಲ್ಲ ಒಳ್ಳೆಯವೇ. ಆದರೂ ವರದಿಯ ತೂಕವನ್ನು ಅದರಲ್ಲಿ ಸೇರಿಸಿದ ಸತ್ಕಾರ್ಯಗಳಿಂದ ಮಾತ್ರವಲ್ಲದೆ, ಸಂಸ್ಥೆಯು ಬಿಟ್ಟುಕೊಟ್ಟ ಲಾಭಗಳಿಂದಲೂ ಅಳೆಯಬೇಕು.

ನಮ್ಮ ಶ್ರಾವಕಾಚಾರ ಗ್ರಂಥಗಳನ್ನು ಬಲ್ಲವರಿಗೆ ಈ ವಿವಾದವು ಅಪರಿಚಿತವಾಗಿ ತೋರದು. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ನಿಷ್ಪ್ರಯೋಜಕ ಪಾಪಗಳಾದ ಐದು ಅನರ್ಥದಂಡಗಳನ್ನು ಹೆಸರಿಸಿದೆ. ಅವುಗಳಲ್ಲಿ ಒಂದು ಹಿಂಸಾದಾನ, ಎಂದರೆ ಕೊಲ್ಲುವ ಸಾಧನಗಳನ್ನು ಪರರಿಗೆ ಒದಗಿಸುವುದು. ತಾನು ಖಡ್ಗವನ್ನು ಬೀಸದಿದ್ದರೂ ಒದಗಿಸಿಕೊಟ್ಟವನಿಗೆ ದೋಷವಿದೆ. ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವೂ ಇದನ್ನೇ ಸಾರುತ್ತದೆ. ‘ನಾವು ಆಯುಧ ತಯಾರಿಸುವುದಿಲ್ಲ, ಸ್ಥಳ ಮಾತ್ರ ಕೊಡುತ್ತೇವೆ’ ಎಂಬ ವಾದಕ್ಕೆ ಅಲ್ಲಿ ಉತ್ತರವಿದೆ. ಲಂಡನ್ನಿನ ವೈದ್ಯರೂ ಯಾರ್ಕಿನ ಧರ್ಮದರ್ಶಿಗಳೂ ಆ ಗ್ರಂಥವನ್ನು ಓದಿದವರಲ್ಲ; ಬೇರೆ ದಾರಿಯಿಂದ ನಡೆದು ಅದೇ ತೀರ್ಮಾನವನ್ನು ಮುಟ್ಟಿದರು.

ಓದಿದ ನಾವು ಎಲ್ಲಿದ್ದೇವೆ? ನಮ್ಮ ಬಸದಿಗಳ ನಿಧಿಗಳು ಕಾಯಿದೆ ಸೂಚಿಸಿದ ಠೇವಣಿಗಳಲ್ಲಿ ಇರುತ್ತವೆಯಾದರೂ ನಮ್ಮ ಕುಟುಂಬಗಳ ಉಳಿತಾಯವು ಷೇರುಗಳಲ್ಲಿ, ಮ್ಯೂಚುವಲ್ ಫಂಡುಗಳಲ್ಲಿ ಹರಡಿಕೊಂಡಿದೆ. ಬಸದಿಗೆ ಬರುವ ಕಾಣಿಕೆಯ ಮೂಲವೂ ಅದೇ. ರಾತ್ರಿಭೋಜನ ಬಿಟ್ಟವರು, ಗೆಡ್ಡೆಗೆಣಸು ಬಿಟ್ಟವರು, ನೀರನ್ನು ಸೋಸಿ ಕುಡಿಯುವವರು ತಮ್ಮ ಹಣವನ್ನು ಸೋಸಿ ನೋಡುವುದು ಎಷ್ಟು ಮನೆಗಳಲ್ಲಿ ನಡೆಯುತ್ತಿದೆ? ನಮ್ಮ ಮಕ್ಕಳು ಓದುವ ವಿದ್ಯಾಸಂಸ್ಥೆಗಳಿಗೂ ಈ ಪ್ರಶ್ನೆ ತಟ್ಟುತ್ತದೆ. ಕೇಂದ್ರ ಸರಕಾರವು 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಂತೆ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿಗಳನ್ನು 30 ಪ್ರಕಾಶಕರ ಪತ್ರಿಕೆಗಳಿಗಾಗಿ ಮೀಸಲಿಟ್ಟಿದೆ, ಎಲ್ಸೆವಿಯರ್ ಅವರಲ್ಲೊಂದು. ಕೊಳ್ಳುವವನಿಗೆ ಕೇಳುವ ಹಕ್ಕಿದೆ ಎಂಬುದನ್ನು 2007ರ ಪ್ರಸಂಗವು ತೋರಿಸಿದೆ. ಆ ಸಂಸ್ಥೆಯನ್ನು ತಿದ್ದಿದ್ದು ಸರಕಾರವಲ್ಲ, ನ್ಯಾಯಾಲಯವಲ್ಲ. ಅದಕ್ಕೆ ಬರೆಯುತ್ತಿದ್ದವರು, ಅದರಿಂದ ಓದುತ್ತಿದ್ದವರು ಮತ್ತು ಅದರಲ್ಲಿ ಹಣ ತೊಡಗಿಸಿದ್ದ ಒಂದು ಧರ್ಮದತ್ತಿ.

ಪ್ರತಿವರ್ಷ ಲೆಕ್ಕಪತ್ರ ಮಂಡನೆಯ ಸಭೆಯಲ್ಲಿ ನಮ್ಮ ಧರ್ಮದರ್ಶಿಗಳು ಹಣ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಓದಿ ಹೇಳುತ್ತಾರೆ. ಎಲ್ಲಿಂದ ಬಂತು ಎಂಬ ಮೂರನೆಯ ಸಾಲನ್ನೂ ಅದಕ್ಕೆ ಸೇರಿಸಲಿ. ಅದೇ ಸಂಜೆ ಮನೆಯ ಯಜಮಾನರೂ ತಮ್ಮ ಉಳಿತಾಯದ ಕಾಗದಗಳನ್ನು ತೆರೆದು, ಮಕ್ಕಳನ್ನು ಕೂರಿಸಿಕೊಂಡು, ಇದೊಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ. ಬಿಡಬೇಕಾದುದು ಶೇಕಡಾ ಅರ್ಧದಷ್ಟೇ ಇದ್ದೀತು.